ಇಂಚಿನ ಲೆಕ್ಕ

ಕೊಡಗಿನಲ್ಲಿ ಮಳೆಗಾಲದ ಬೆಳಿಗ್ಗೆ ಇಬ್ಬರು ಎದುರಾದರೆ ಮೊದಲು ಬರುವ ಮಾತು, ‘ನಿಮ್ಮಲ್ಲಿ ಎಷ್ಟು ಇಂಚು?’ ತೋಟದ ಮನೆಗಳ ಅಂಗಳದಲ್ಲಿ ಒಂದು ಮಳೆಮಾಪಕ ನಿಂತಿರುತ್ತದೆ. ರಾತ್ರಿ ಸುರಿದದ್ದನ್ನು ಅಳೆದು, ಡೈರಿಯಲ್ಲಿ ಬರೆದಿಟ್ಟು, ಆಮೇಲೆ ಕಾಫಿ ಲೋಟಕ್ಕೆ ಕೈಹಾಕುವ ಹಿರಿಯರು ಈಗಲೂ ಇದ್ದಾರೆ. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಕಾಲವಾಯಿತು, ನಾವು ಇಂಚು ಬಿಟ್ಟಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 100 ಇಂಚು ದಾಟುವುದು ನಮಗೆ ಸುದ್ದಿಯಲ್ಲ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ನೀರನ್ನು ಇಷ್ಟು ಹತ್ತಿರದಿಂದ ಅಳೆದು ಬಲ್ಲ ಜನ, ಅದೇ ನೀರು ಕಾರಿನ ಬಾಗಿಲಿಗೆ ಬಂದು ನಿಂತಾಗ ಇಂಚಿಂಚಿಗೂ ಏನಾಗುತ್ತದೆ ಎಂಬ ಲೆಕ್ಕವನ್ನೂ ತಿಳಿದಿರಬೇಕು ಅನ್ನಿಸಿ ಈ ಅಧ್ಯಾಯ ಬರೆಯುತ್ತಿದ್ದೇನೆ.

ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತಾಳೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುತ್ತಾಳೆ ಎಂದು ನಂಬಿಕೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಹೊಳೆ ಯಾವುದು, ರಸ್ತೆ ಯಾವುದು ಎಂದು ಗೊತ್ತಾಗುವುದಿಲ್ಲ. ಆ ಊರಿಗೆ ಮೇಲ್ಸೇತುವೆ ಬೇಕಾಗಿ ಬಂದದ್ದೇ ಇದಕ್ಕೆ. ನಾಪೋಕ್ಲು ಕಡೆಯ ರಸ್ತೆಗಳದೂ ಅದೇ ಪಾಡು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದವು. ಕೆಳಗೆ ಕುಶಾಲನಗರದಲ್ಲಿ ಬಡಾವಣೆಗಳ ಒಳಗೆ ಕಾವೇರಿ ನುಗ್ಗಿದಳು. ಮನೆ ಮುಂದೆ ನಿಲ್ಲಿಸಿದ್ದ ವಾಹನಗಳು ನೀರಲ್ಲಿ ನಿಂತದ್ದನ್ನು ಆಗ ಎಲ್ಲರೂ ನೋಡಿದ್ದೇವೆ.

ಅದೇ ನೀರು ಇಳಿದು ಹೋಗಿ ಕೆಆರ್‌ಎಸ್ ತುಂಬುತ್ತದೆ, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆಗೆ ಹರಿದು ಮಂಡ್ಯದ ಗದ್ದೆಗಳಿಗೆ ಹೋಗುತ್ತದೆ. ಆ ನಾಲೆಯ ಹೆಸರು ಕೇಳಿದರೆ ನನಗೆ ಈಗ ಭತ್ತ, ಕಬ್ಬಿನ ನೆನಪು ಮೊದಲು ಬರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಕಾರು ಬಿದ್ದು ನಾಲ್ವರು ಮಹಿಳೆಯರು ಹೋದರು. ಅದೇ ವರ್ಷದ ನವೆಂಬರ್ 7ರಂದು ಬನಘಟ್ಟ ಬಳಿ ಇನ್ನೊಂದು ಕಾರು, ಐವರು. ನಾಲೆ ಏರಿಗೆ ತಡೆಗೋಡೆ ಬೇಕೆಂದು ಪ್ರತಿ ಸಲವೂ ಕೂಗೆದ್ದಿತು. ತಡೆಗೋಡೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿದ್ದ ಮೇಲಿನ ಒಂದು ನಿಮಿಷದ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದು ನನ್ನ ಸಂಕಟ.

ನೀರಿಗೆ ಬೀಳಲು ಹೊಳೆ, ನಾಲೆಯೇ ಬೇಕೆಂದಿಲ್ಲ. 2023ರ ಮೇ 21, ಭಾನುವಾರ ಮಧ್ಯಾಹ್ನ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿತು. ವಿಧಾನಸೌಧದಿಂದ ಕೂಗಳತೆಯ ದೂರ. ಊರು ನೋಡಲು ಬಂದಿದ್ದ ಕುಟುಂಬವೊಂದರ ಬಾಡಿಗೆ ಕಾರು ಅದರಲ್ಲಿ ಸಿಕ್ಕಿಕೊಂಡಿತು. ಉಳಿದವರನ್ನು ಜನ ಮತ್ತು ಅಗ್ನಿಶಾಮಕ ಸಿಬ್ಬಂದಿ ಎಳೆದು ತಂದರು, 22 ವರ್ಷದ ಹೆಣ್ಣುಮಗಳು ಉಳಿಯಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಕಾಫಿ ಮಾರುವುದು 50 ಕಿಲೋ ಚೀಲದ ಲೆಕ್ಕದಲ್ಲಿ, ಆ ಚೀಲದ ಭಾರ ಎಲ್ಲರ ಬೆನ್ನಿಗೂ ಗೊತ್ತು. ಹಾಗಾಗಿ ಅದನ್ನೇ ತೂಕದ ಕಲ್ಲಾಗಿ ಇಟ್ಟುಕೊಳ್ಳುತ್ತೇನೆ.

ಸಣ್ಣ ಕಾರಿನ ತೂಕ ಸುಮಾರು 1,000 ಕಿಲೋ, ಅಂದರೆ 20 ಚೀಲ. ಅದರ ತಳದ ವಿಸ್ತಾರ ಹೆಚ್ಚುಕಡಿಮೆ 5 ಚದರ ಮೀಟರ್. ನೀರು ತಳವನ್ನು ಮುಟ್ಟಿದ ಮೇಲೆ ಏರುವ ಒಂದೊಂದು ಇಂಚೂ ಸುಮಾರು 125 ಕಿಲೋ ತೂಕವನ್ನು ಮೇಲಕ್ಕೆ ಎತ್ತುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಇಂಚಿಗೆ ಎರಡೂವರೆ ಚೀಲ. ಎಂಟು ಇಂಚಿಗೆ 20 ಚೀಲವೂ ಹಗುರವಾಯಿತು, ಕಾರು ತೇಲಿತು. ನೆಲದಿಂದ ಕಾರಿನ ತಳಕ್ಕೆ ಇರುವ ಎತ್ತರ ಆರೇಳು ಇಂಚು. ಎರಡನ್ನೂ ಕೂಡಿ: 15 ಇಂಚು. ಒಳಗೆ ನಾಲ್ಕು ಜನ ಕೂತಿದ್ದರೆ ಇನ್ನೆರಡು ಇಂಚು ಬೇಕಾದೀತು. ಮೊಣಕಾಲಿನ ಆಸುಪಾಸಿನ ನೀರು ಇದು. ಪೂರ್ತಿ ತೇಲುವ ಮೊದಲೇ ಟೈರಿಗೆ ನೆಲದ ಹಿಡಿತ ತಪ್ಪುತ್ತದೆ, ಹರಿವಿದ್ದರೆ ಕಾರು ಪಕ್ಕಕ್ಕೆ ಜಾರುತ್ತದೆ. ಅಮೆರಿಕದ ಹವಾಮಾನ ಸೇವೆಯವರು ಜನರಿಗೆ ಹೇಳುವ ಅಂಕಿಗಳೂ ನಮ್ಮ ಇಂಚಿನಲ್ಲೇ ಇವೆ: ರಭಸವಾಗಿ ಹರಿಯುವ ನೀರು 6 ಇಂಚಿದ್ದರೆ ನಿಂತ ಮನುಷ್ಯ ಬೀಳಬಹುದು, 12 ಇಂಚಿಗೆ ಸಣ್ಣ ಕಾರು ಹೋಗುತ್ತದೆ, 24 ಇಂಚಿಗೆ ಹೆಚ್ಚಿನ ವಾಹನಗಳೆಲ್ಲ ಹೋಗುತ್ತವೆ. ‘ನಮ್ಮದು ಜೀಪು, ಏನಾಗಲ್ಲ’ ಅನ್ನುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಇನ್ನು ಬಾಗಿಲು. ಬಾಗಿಲಿನ ಅಗಲ 1 ಮೀಟರ್ ಅಂದುಕೊಳ್ಳಿ. ಹೊರಗಿನ ನೀರು ಬಾಗಿಲಿನ ಕೆಳಅಂಚಿನಿಂದ 1 ಅಡಿ ಮೇಲಿದೆ, ಒಳಗೆ ನೀರಿಲ್ಲ. ಆಗ ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು 46 ಕಿಲೋ, ಒಂದು ಚೀಲಕ್ಕೆ ಸ್ವಲ್ಪ ಕಡಿಮೆ. ನೀರು 2 ಅಡಿಗೆ ಏರಿತು ಅನ್ನಿ. ಎರಡು ಚೀಲ ಆಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು 186 ಕಿಲೋ, ನಾಲ್ಕು ಚೀಲದ ಹತ್ತಿರ. ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುತ್ತದೆ, ಜೊತೆಗೆ ಒತ್ತಿಸಿಕೊಳ್ಳುವ ಜಾಗವೂ ದೊಡ್ಡದಾಗುತ್ತದೆ. ಎರಡೂ ಒಟ್ಟಿಗೆ ಬೆಳೆಯುವುದರಿಂದ ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟು. ಬಾಗಿಲು ಕೀಲಿನ ಮೇಲೆ ತಿರುಗುವುದರಿಂದ ಅಂಚಿನಲ್ಲಿ ತಳ್ಳುವವನಿಗೆ ಅರ್ಧ ಭಾರ ಉಳಿಯುತ್ತದೆ ನಿಜ. ಆದರೂ ಸೀಟಿನಲ್ಲಿ ಓರೆಯಾಗಿ ಕೂತು, ಭುಜ ಕೊಟ್ಟು, ಎರಡು ಚೀಲ ಕಾಫಿಯನ್ನು ಪಕ್ಕಕ್ಕೆ ತಳ್ಳುವ ಗಟ್ಟಿಗ ನನ್ನ ಪರಿಚಯದಲ್ಲಿ ಇಲ್ಲ. ಬಾಗಿಲು ಕೆಟ್ಟಿರುವುದಿಲ್ಲ, ಲಾಕ್ ಆಗಿರುವುದೂ ಇಲ್ಲ. ಹೊರಗಿನಿಂದ ಹೊಳೆಯೇ ಅದಕ್ಕೆ ಒರಗಿ ನಿಂತಿರುತ್ತದೆ.

‘ಒಳಗೆ ನೀರು ತುಂಬಲಿ, ಆಗ ಎರಡೂ ಕಡೆ ಒತ್ತಡ ಸಮ ಆಗುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ’ ಎಂಬ ಮಾತನ್ನು ಬಹಳ ಜನ ಕೇಳಿರುತ್ತಾರೆ. ಶಾಲೆಯಲ್ಲಿ ಭೌತವಿಜ್ಞಾನ ಓದಿದವರು ಅದನ್ನು ನಂಬಿಕೆಯಿಂದ ಹೇಳುತ್ತಾರೆ. ಸೂತ್ರ ಸರಿಯಾಗಿದೆ. ಆದರೆ ಅಷ್ಟರಲ್ಲಿ ನೀರು ತಲೆಯ ಮೇಲಿರುತ್ತದೆ, ಎಂಜಿನ್ ಭಾರಕ್ಕೆ ಕಾರು ಮೂತಿ ಕೆಳಗೆ ಮಾಡಿರುತ್ತದೆ, ಕೆಸರು ನೀರಿನಲ್ಲಿ ಕಣ್ಣು ಕಾಣುವುದಿಲ್ಲ, ಉಸಿರು ಬಿಗಿಹಿಡಿದು ಹಿಡಿಕೆ ಹುಡುಕಬೇಕು. ಈ ಮಾತನ್ನು ನಂಬಿ ಕೈಕಟ್ಟಿ ಕೂತರೆ ಸಿಕ್ಕ ಸಮಯವೆಲ್ಲ ಕಾಯುವುದರಲ್ಲೇ ಹೋಗುತ್ತದೆ. ಬೇರೆ ಯಾವ ದಾರಿಯೂ ಉಳಿಯದಿದ್ದಾಗ ಮಾತ್ರ ಇದು ದಾರಿ.

ಇದನ್ನು ನಿಜವಾಗಿ ಮಾಡಿ ನೋಡಿದವರೊಬ್ಬರಿದ್ದಾರೆ: ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್. ತಣ್ಣೀರಿನಲ್ಲಿ ಮನುಷ್ಯನ ದೇಹ ಹೇಗೆ ವರ್ತಿಸುತ್ತದೆ ಎಂಬುದು ಅವರ ಅಧ್ಯಯನದ ವಿಷಯ. ಹೆಪ್ಪುಗಟ್ಟಿದ ಸರೋವರಗಳ ಆ ದೇಶದಲ್ಲಿ ಮಂಜುಗಡ್ಡೆ ಒಡೆದು ವಾಹನ ನೀರಿಗೆ ಬೀಳುವುದು ಹೊಸದಲ್ಲ. ಅವರು ಮನುಷ್ಯರನ್ನು ಒಳಗೆ ಕೂರಿಸಿ, ಕಾವಲಿಗೆ ಮುಳುಗುಗಾರರನ್ನು ಇಟ್ಟು, ವಾಹನಗಳನ್ನು ಮತ್ತೆ ಮತ್ತೆ ನೀರಿಗೆ ಇಳಿಸಿ ನೋಡಿದರು. ಕಾರು ಕಲ್ಲಿನಂತೆ ತಟ್ಟನೆ ಮುಳುಗುವುದಿಲ್ಲ. ಮೊದಲು ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಹೊರಗೆ ಬರಲು ಇರುವುದು ಆ ಹೊತ್ತು. ಅದರಲ್ಲೂ ಮೊದಲ ಒಂದು ನಿಮಿಷವನ್ನೇ ನೆಚ್ಚಬೇಕು ಅನ್ನುತ್ತಾರೆ ಅವರು. ಆ ಹೊತ್ತಿನಲ್ಲಿ ಬಲವಂತವಾಗಿ ಬಾಗಿಲು ತೆರೆದರೂ ತೊಂದರೆಯೇ, ನೀರು ಒಮ್ಮೆಲೇ ನುಗ್ಗಿ ಕಾರು ಕೆಲವೇ ಸೆಕೆಂಡುಗಳಲ್ಲಿ ಮುಳುಗುತ್ತದೆ. ಹಿಂದೆ ಕೂತವರ ಗತಿಯೇನು?

ಅವರು ಹೇಳಿದ ಕ್ರಮ ಇಷ್ಟು: ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ, ಮಕ್ಕಳನ್ನು ಹೊರಗೆ ಕಳಿಸಿ, ನೀವೂ ಹೊರಡಿ. ಮಕ್ಕಳಲ್ಲಿ ದೊಡ್ಡದನ್ನು ಮೊದಲು ಕಳಿಸಬೇಕು, ಅದು ಹೊರಗೆ ಏನನ್ನಾದರೂ ಹಿಡಿದುಕೊಂಡಿರಬಲ್ಲದು. ಚಿಕ್ಕದನ್ನು ಅಪ್ಪನೋ ಅಮ್ಮನೋ ಎತ್ತಿಕೊಂಡೇ ಬರಬೇಕು. ಫೋನ್ ಮುಟ್ಟಕೂಡದು. 112ಕ್ಕೆ ಕರೆ ಮಾಡಿ ‘ನಾವು ಎಲ್ಲಿದ್ದೇವೆ’ ಎಂದು ವಿವರಿಸುವಷ್ಟರಲ್ಲಿ ಆ ಒಂದು ನಿಮಿಷ ಮುಗಿದಿರುತ್ತದೆ. ಯಾರೇ ಹೊರಟರೂ ಅಷ್ಟರಲ್ಲಿ ತಲುಪಲಾರರು. ಕರೆಯನ್ನು ದಡದಿಂದ ಮಾಡಬಹುದು, ಕಾರಿನ ತಲೆಯ ಮೇಲೆ ಕೂತೂ ಮಾಡಬಹುದು.

ನೀರು ತಗಲಿದರೆ ಪವರ್ ವಿಂಡೋ ಕೆಲಸ ಮಾಡುವುದಿಲ್ಲ ಎಂದು ಹಲವರು ಗುಂಡಿಯನ್ನೇ ಒತ್ತುವುದಿಲ್ಲ. ಒತ್ತಬೇಕು. 12 ವೋಲ್ಟಿನ ಬ್ಯಾಟರಿ ನೀರು ಕಂಡ ತಕ್ಷಣ ಸಾಯುವುದಿಲ್ಲ. ಗ್ಲಾಸ್ ಇಳಿಯದಿರಲು ಮುಖ್ಯ ಕಾರಣ ಬೇರೆ ಇದೆ. ನೀರು ಕಿಟಕಿಯ ಕೆಳಅಂಚನ್ನು ದಾಟಿತೆಂದರೆ ಹೊರಗಿನ ಒತ್ತಡ ಗ್ಲಾಸನ್ನು ಅದರ ಚೌಕಟ್ಟಿಗೆ ಒತ್ತಿಹಿಡಿಯುತ್ತದೆ. ಆ ಪುಟ್ಟ ಮೋಟರಿಗೆ ಅದನ್ನು ಕೆಳಗೆಳೆಯುವ ಕಸುವಿಲ್ಲ, ಕೈಯಲ್ಲಿ ತಿರುಗಿಸುವ ಹಳೆಯ ಹಿಡಿಕೆಯದೂ ಅದೇ ಕಥೆ. ಹಾಗಾಗಿ ಕಣ್ಣಿಡಬೇಕಾದ ಗೆರೆ ಒಂದೇ, ಗ್ಲಾಸಿನ ಕೆಳಗಿನ ರಬ್ಬರ್ ಪಟ್ಟಿ. ನೀರು ಅಲ್ಲಿಗೆ ಮುಟ್ಟುವುದರೊಳಗೆ ಗ್ಲಾಸ್ ಕೆಳಗಿರಬೇಕು.

ಇಳಿಯದಿದ್ದರೆ ಒಡೆಯಬೇಕು. ಒಡೆಯುವುದು ಸಿನಿಮಾದಲ್ಲಿ ಕಾಣುವಷ್ಟು ಸುಲಭವಲ್ಲ ಎಂಬುದನ್ನು ನಾನು ಕಲಿತದ್ದು ಗೋಣಿಕೊಪ್ಪಲಿನಲ್ಲಿ ಗೆಳೆಯನ ಗ್ಯಾರೇಜಿನ ಹಿಂದೆ. ಗುಜರಿಗೆ ಹೊರಟಿದ್ದ ಎರಡು ಬಾಗಿಲುಗಳನ್ನು ಅವನು ಗೋಡೆಗೆ ಒರಗಿಸಿದ್ದ. ಕನ್ನಡಕ, ಕೈಗವಸು ಹಾಕಿಕೊಂಡು ಮೊದಲು ಹಿಮ್ಮಡಿಯಿಂದ ಗ್ಲಾಸಿನ ನಡುವಿಗೆ ಒದ್ದೆ. ಗ್ಲಾಸ್ ಡೊಳ್ಳಿನಂತೆ ಸದ್ದು ಮಾಡಿ ಬಾಗಿ ಮತ್ತೆ ನೆಟ್ಟಗಾಯಿತು. ಪಾನಾದ ಹಿಂಬದಿಯಿಂದ ಹೊಡೆದೆ, ಕೈ ಜುಮ್ಮೆಂದಿತು. ಎಲ್ಲರೂ ಹೇಳುವ ಹಾಗೆ ಸೀಟಿನ ತಲೆದಿಂಬನ್ನು ಎಳೆದು ಅದರ ಕಂಬಿಯನ್ನು ಪ್ರಯತ್ನಿಸಿದೆ. ಕಂಬಿಯ ತುದಿ ಗುಂಡಗಿರುತ್ತದೆ, ಅದನ್ನು ಮಾಡಿರುವುದು ಕತ್ತು ಕಾಯಲಿಕ್ಕೆ, ಗ್ಲಾಸ್ ಒಡೆಯಲಿಕ್ಕಲ್ಲ. ಆ ದಿಂಬನ್ನು ಸೀಟಿನಿಂದ ಬಿಡಿಸಲಿಕ್ಕೇ ನನಗೆ ಅರ್ಧ ನಿಮಿಷ ಹಿಡಿಯಿತು. ಆಗ ಗೆಳೆಯ ಮೇಜಿನ ಡ್ರಾಯರಿನಿಂದ ಪೆನ್ನಿನಷ್ಟು ಉದ್ದದ ಸ್ಪ್ರಿಂಗ್ ಪಂಚ್ ತಂದ. ಕಬ್ಬಿಣಕ್ಕೆ ತೂತು ಕೊರೆಯುವ ಮೊದಲು ಗುರುತು ಹಾಕಲು ಗ್ಯಾರೇಜಿನವರು ಬಳಸುವ ಸಲಕರಣೆ. ಗ್ಲಾಸಿನ ಕೆಳಮೂಲೆಗೆ ಅದರ ಚೂಪು ಮೊನೆ ಇಟ್ಟು, ‘ಒತ್ತಿ ಸಾರ್’ ಅಂದ. ಹೆಬ್ಬೆರಳಿನಷ್ಟು ಬಲ. ಟಿಕ್ ಎಂದಿತು. ಇಡೀ ಗ್ಲಾಸ್ ಒಂದೇ ಏಟಿಗೆ ಬೆಳ್ಳಗಾಗಿ, ಮರುಕ್ಷಣ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ನೆಲಕ್ಕೆ ಸುರಿಯಿತು.

ಒದ್ದಾಗ ಒಡೆಯದ್ದು ಬೆರಳಿಗೆ ಸೋತದ್ದು ಹೇಗೆ? ಸುಮಾರು 600 ಡಿಗ್ರಿಗೂ ಮೇಲೆ ಕಾಯಿಸಿದ ಗ್ಲಾಸಿನ ಮೇಲೆ ತಣ್ಣಗಿನ ಗಾಳಿಯನ್ನು ಊದಿ ಈ ಟೆಂಪರ್ಡ್ ಗ್ಲಾಸನ್ನು ಮಾಡುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ತಡವಾಗಿ ತಣಿದು ಕುಗ್ಗಲು ಹೋಗುತ್ತದೆ, ಆದರೆ ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಹಾಗೇ ಉಳಿದುಬಿಡುತ್ತದೆ: ಹೊರಮೈ ಒತ್ತಿಸಿಕೊಂಡು, ಒಳಭಾಗ ಜಗ್ಗಿಸಿಕೊಂಡು. ಬಿರುಕು ಹುಟ್ಟಬೇಕಾದರೆ ಮೈ ಹಿಗ್ಗಬೇಕು. ಒತ್ತಿಸಿಕೊಂಡ ಮೈ ಹಿಗ್ಗಲು ಒಪ್ಪುವುದಿಲ್ಲ. ಅಗಲವಾದ ಏಟು ಎಷ್ಟೇ ದೊಡ್ಡದಿದ್ದರೂ ಚದುರಿಹೋಗುತ್ತದೆ. ಸೂಜಿಮೊನೆ ಆ ಹೊರಮೈಯನ್ನು ದಾಟಿ ಒಳಗಿನ ಜಗ್ಗಾಟಕ್ಕೆ ತಗಲಿದರೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೆ ಬಿಡುಗಡೆಯಾಗುತ್ತದೆ. ಒಡೆದದ್ದು ನನ್ನ ಹೆಬ್ಬೆರಳಲ್ಲ. ಕಾರ್ಖಾನೆಯಲ್ಲಿ ತುಂಬಿಟ್ಟಿದ್ದ ಬಲ ತಾನೇ ಒಡೆಯಿತು.

ಇದರ ಅಜ್ಜನಂಥದ್ದೊಂದು 17ನೇ ಶತಮಾನದಲ್ಲೇ ಜನರನ್ನು ಬೆರಗುಗೊಳಿಸಿತ್ತು. ಕರಗಿದ ಗ್ಲಾಸನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಗೊದಮೊಟ್ಟೆಯ ಆಕಾರದ ಹನಿಯಾಗುತ್ತದೆ. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯದು. ಬಾಲದ ತುದಿ ಚಿವುಟಿದರೆ ಇಡೀ ಹನಿ ಪುಡಿಪುಡಿ. ರಾಜಕುಮಾರ ರೂಪರ್ಟ್ ಅದನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನಿಗೆ ತಂದುಕೊಟ್ಟ, 1661ರಲ್ಲಿ ರಾಯಲ್ ಸೊಸೈಟಿಯವರು ಅದನ್ನು ಪರೀಕ್ಷಿಸಿದರು. ಆ ಹನಿಯೊಳಗೆ ಬಿರುಕು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ ಎಂದು ಗೊತ್ತಾಗಲು ಅತಿವೇಗದ ಕ್ಯಾಮೆರಾಗಳು ಬರಬೇಕಾಯಿತು.

ಎರಡನೇ ಬಾಗಿಲಿನ ಗ್ಲಾಸಿಗೆ ಕಪ್ಪು ಫಿಲ್ಮ್ ಅಂಟಿಸಿತ್ತು. ಅದಕ್ಕೂ ಪಂಚ್ ಒತ್ತಿದೆ. ಚೂರಾಯಿತು, ಆದರೆ ಸುರಿಯಲಿಲ್ಲ. ಫಿಲ್ಮಿಗೆ ಅಂಟಿಕೊಂಡು ಒದ್ದೆ ಗೋಣಿಯಂತೆ ಜೋತುಬಿತ್ತು. ಅದನ್ನು ತಳ್ಳಿ, ಹರಿದು, ದಾರಿ ಮಾಡಲು ನೆಲದ ಮೇಲೆ ನಿಂತವನಿಗೇ ಸಾಕಾಯಿತು. ಮುಂದಿನ ದೊಡ್ಡ ಗ್ಲಾಸಂತೂ ಹುಟ್ಟುವಾಗಲೇ ಹೀಗಿರುತ್ತದೆ. ಎರಡು ಗ್ಲಾಸುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದಿರುವ ಲ್ಯಾಮಿನೇಟೆಡ್ ಗ್ಲಾಸದು. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬಂದದ್ದು. ಡಿಕ್ಕಿಯಾದಾಗ ಜನ ಹೊರಗೆ ಎಸೆದು ಹೋಗದಂತೆ ತಡೆಯುವುದು ಅದರ ಕೆಲಸ, ಹಾಗಾಗಿ ಅದನ್ನು ಒದ್ದು ಹೊರಬರುವ ಯೋಚನೆ ಬೇಡ. ಈಗ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಕಿಟಕಿಗೂ ಅದನ್ನೇ ಹಾಕುತ್ತಿದ್ದಾರೆ. 2019ರಲ್ಲಿ ಅಮೆರಿಕದ ವಾಹನ ಬಳಕೆದಾರರ ಸಂಘ ಎಎಎ ಗ್ಲಾಸ್ ಒಡೆಯುವ ಆರು ಸಲಕರಣೆಗಳನ್ನು ಪರೀಕ್ಷಿಸಿತು. ಸಾದಾ ಪಕ್ಕದ ಗ್ಲಾಸನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗ್ಲಾಸನ್ನು ಒಂದೂ ಒಡೆಯಲಿಲ್ಲ. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ತಿಳಿಯಲು ಗ್ಲಾಸಿನ ಮೂಲೆಯ ಮುದ್ರೆ ಓದಿ. ಟೆಂಪರ್ಡ್ ಅಥವಾ ಟಫನ್ಡ್ ಎಂದಿದ್ದರೆ ಒಡೆಯುತ್ತದೆ. ಲ್ಯಾಮಿನೇಟೆಡ್ ಎಂದಿದ್ದರೆ ಬೇರೆ ಕಿಟಕಿ, ಇಲ್ಲವೇ ಹಿಂದಿನ ಗ್ಲಾಸ್ ನೋಡಬೇಕು. ಸುತ್ತಿಗೆಯಂಥ ಸಲಕರಣೆಗಿಂತ ಸ್ಪ್ರಿಂಗಿನದೇ ಲೇಸು, ನೀರೊಳಗೆ ಕೈ ಬೀಸಿದರೆ ಏಟಿಗೆ ರಭಸವೇ ಬರುವುದಿಲ್ಲ.

ನೀರಿಲ್ಲದೆಯೂ ಬಾಗಿಲು ತೆರೆಯದಿರುವುದುಂಟು. ಘಾಟಿಯಲ್ಲಿ ಕಾರು ಉರುಳಿದರೆ, ಮಳೆಗಾಲದಲ್ಲಿ ಮರ ಬಿದ್ದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಅಲ್ಲೂ ಕಿಟಕಿಯೇ ಗತಿ. ತಲೆಕೆಳಗಾಗಿ ನೇತಾಡುತ್ತಿದ್ದರೆ ಮೊದಲು ಒಂದು ಕೈಯನ್ನು ಚಾವಣಿಗೆ ಊರಿ, ಆಮೇಲೆ ಬೆಲ್ಟ್ ಬಿಚ್ಚಬೇಕು. ಇಲ್ಲದಿದ್ದರೆ ಮೈಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ.

ಸೆಂಟ್ರಲ್ ಲಾಕ್ ಕೈಕೊಟ್ಟರೆ ಒಳಗಿನವರು ಸಿಕ್ಕಿಬೀಳಬಾರದು ಎಂದು ಭಾರತದಲ್ಲಿ ಒಂದು ನಿಯಮವೇ ಬಂದಿದೆ. 2019ರ ಜುಲೈ 1ರಿಂದ ಜಾರಿಗೆ ಬಂದ ಎಐಎಸ್-145 ಎಂಬ ಮಾನದಂಡದ ಪ್ರಕಾರ, ಪ್ರಯಾಣಿಕ ಕಾರುಗಳಲ್ಲಿ ವಿದ್ಯುತ್ ಇಲ್ಲದಿದ್ದರೂ ಕೈಯಿಂದಲೇ ಲಾಕ್ ತೆಗೆಯುವ ವ್ಯವಸ್ಥೆ ಇರಬೇಕು. ಸೀಟ್‌ಬೆಲ್ಟ್ ನೆನಪಿಸುವ ಕೀಂ ಕೀಂ ಸದ್ದು ಕಡ್ಡಾಯವಾದದ್ದೂ ಇದೇ ನಿಯಮದಲ್ಲಿ. ಆ ಸದ್ದು ಎಲ್ಲರಿಗೂ ಗೊತ್ತು. ಕೈಯಿಂದ ತೆಗೆಯುವ ಲಾಕ್ ತಮ್ಮ ಕಾರಿನಲ್ಲಿ ಎಲ್ಲಿದೆ ಎಂದು ನಾನು ಕೇಳಿದವರಲ್ಲಿ ಥಟ್ಟನೆ ತೋರಿಸಿದವರು ಕಡಿಮೆ.

ಗ್ಯಾರೇಜಿನಿಂದ ಬಂದ ಭಾನುವಾರ ಮನೆಯ ಅಂಗಳದಲ್ಲೇ ಕಾರು ನಿಲ್ಲಿಸಿ ಎಲ್ಲರನ್ನೂ ಕೂರಿಸಿದೆ. ಮುಂದೆ ನಾನು ಮತ್ತು ಮಗಳು, ಹಿಂದೆ ಹೆಂಡತಿ ಮತ್ತು ನನ್ನ ಅತ್ತೆ. ಕೈಯಲ್ಲಿ ಫೋನಿನ ಗಡಿಯಾರ ಹಿಡಿದು ‘ಹೊರಡಿ’ ಅಂದೆ. ಮಗಳು ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ, ಕಿಟಕಿಯ ಅಂಚಿನ ಮೇಲೆ ಕೂತು, ಚಾವಣಿ ಹಿಡಿದು ಸರಕ್ಕನೆ ಹೊರಗೆ ಜಾರಿದಳು. ನನ್ನ ಬೆಲ್ಟಿನ ಗುಂಡಿಯನ್ನು ದಿನಾ ಒತ್ತುವ ಕೈಯೇ ಆತುರದಲ್ಲಿ ಎರಡು ಸಲ ತಪ್ಪಿತು. ಹಿಂದಿನಿಂದ ಹೆಂಡತಿ, ‘ಇಲ್ಲಿ ಗ್ಲಾಸ್ ಇಳೀತಿಲ್ಲ’ ಎಂದಳು. ಮಗಳು ಚಿಕ್ಕವಳಿದ್ದಾಗ ನನ್ನ ಬಾಗಿಲಿನ ಗುಂಡಿಯಿಂದ ಹಿಂದಿನ ಕಿಟಕಿಗಳನ್ನು ತಡೆದಿಟ್ಟಿದ್ದೆ, ಅದನ್ನು ಮರೆತೇಬಿಟ್ಟಿದ್ದೆ.

ಅತ್ತೆಗೆ 72 ವರ್ಷ. ಕಿಟಕಿಯಿಂದ ಹಾರುವುದು ತನ್ನಿಂದಾಗದು ಎಂದು ಅವರು ಬಾಗಿಲಿನ ಹಿಡಿಕೆಯನ್ನೇ ಎಳೆಯುತ್ತಿದ್ದರು. ಲಾಕ್ ತೆಗೆದಿತ್ತು. ಹಿಡಿಕೆ ಸಡಿಲವಾಗಿ ಬರುತ್ತಿತ್ತು, ಬಾಗಿಲು ಅಲ್ಲಾಡುತ್ತಿರಲಿಲ್ಲ. ನಾನು ಸುತ್ತಿ ಬಂದು ಹೊರಗಿನಿಂದ ತೆರೆದೆ. ಬಾಗಿಲಿನ ಅಂಚಿನಲ್ಲಿ, ತೆರೆದಾಗ ಮಾತ್ರ ಕಾಣುವಂತೆ, ಉಗುರಿನಷ್ಟು ದೊಡ್ಡ ಚೈಲ್ಡ್ ಲಾಕ್ ಇತ್ತು. ಅದೂ ಹಾಕಿಯೇ ಇತ್ತು.

‘ಎಷ್ಟು ವರ್ಷದಿಂದ ಹೀಗಿದೆ?’ ಎಂದು ಅತ್ತೆ ಕೇಳಿದರು.

ಮಗಳಿಗೆ ಈಗ 17. ನಾನು ಕೀಲಿಯ ತುದಿಯಿಂದ ಆ ಲಾಕನ್ನು ತಿರುಗಿಸಿದೆ, ಆಚೆ ಬಾಗಿಲಿನದನ್ನೂ ತಿರುಗಿಸಿದೆ. ಅತ್ತೆ ಮತ್ತೆ ಒಳಗೆ ಕೂತು ಬಾಗಿಲು ಹಾಕಿಕೊಂಡರು, ಬೆಲ್ಟ್ ಬಿಗಿದುಕೊಂಡರು, ಗ್ಲಾಸಿನ ಗುಂಡಿ ಎಲ್ಲಿದೆ ಎಂದು ಬೆರಳಿಂದ ಮುಟ್ಟಿ ನೋಡಿಕೊಂಡರು. ಆಮೇಲೆ, ‘ಈಗ ಹೇಳು’ ಅಂದರು.